ಗೃಹಜ್ಯೋತಿ, ಸೂರ್ಯಘರ್, ಹೊಸ ಫ್ಯಾನ್, ತಾರಸಿಗೆ ಸುಣ್ಣ: ನಿಮ್ಮ ಮನೆಗೆ ಯಾವುದು ಸರಿ?

ಹೋದ ವರ್ಷ ಏಪ್ರಿಲ್ ಬಿಲ್ಲಿನಲ್ಲಿ ನಮ್ಮ ಮನೆ ಲೆಕ್ಕ 207 ಯೂನಿಟ್. ಗೃಹಜ್ಯೋತಿಯ 200ರ ಗೆರೆಗಿಂತ ಏಳೇ ಏಳು ಯೂನಿಟ್ ಜಾಸ್ತಿ. ಹಿಂದಿನ ತಿಂಗಳು ಬಿಲ್ಲು ಸೊನ್ನೆ, ಈ ತಿಂಗಳು ಸಾವಿರದ ಏಳ್ನೂರರ ಹತ್ತಿರ. ನಮ್ಮವ್ವ ಬಿಲ್ಲನ್ನ ಬೆಳಕಿಗೆ ಹಿಡಿದು ಎರಡು ಸಲ ಓದಿ, "ಏಳು ಯೂನಿಟ್ಟಿಗೆ ಇಷ್ಟೇನೋ?" ಅಂದಳು.

ಆ ವಾರ ಸಿಕ್ಕವರೆಲ್ಲ ಒಂದೊಂದು ಸಲಹೆ ಕೊಟ್ಟರು. ಪಕ್ಕದ ಮನೆಯವರು ಸೋಲಾರ್ ಹಾಕಿಸಿ ಅಂದರು. ಚಿತ್ರದುರ್ಗದ ಗೆಳೆಯ ಮೊದಲು ಫ್ಯಾನ್ ಬದಲಾಯಿಸು ಅಂದ. ಚಳ್ಳಕೆರೆಯ ನಮ್ಮ ಭಾವ ನಕ್ಕು, "ತಾರಸಿಗೆ ಸುಣ್ಣ ಬಳಿಯಪ್ಪಾ, ಸುಮ್ನೆ ದುಡ್ಡು ಯಾಕೆ ಹಾಳು ಮಾಡ್ತೀಯ" ಅಂದರು. ಮೂವರೂ ಹೇಳಿದ್ದು ಸರಿಯೇ, ಆದರೆ ಬೇರೆ ಬೇರೆ ಮನೆಗೆ. ಯಾವ ಮನೆಗೆ ಯಾವುದು ಅನ್ನೋದನ್ನ ಒಂದು ತಿಂಗಳು ಲೆಕ್ಕ ಹಾಕಿ ನೋಡಿದೆ. ದಾವಣಗೆರೆ, ಚಿತ್ರದುರ್ಗ ಎರಡೂ ಬೆಸ್ಕಾಂ ವ್ಯಾಪ್ತಿಗೇ ಬರೋದರಿಂದ ಲೆಕ್ಕ ಎರಡೂ ಕಡೆ ಒಂದೇ.

ಯೋಜನೆ ಆರಿಸೋ ಮೊದಲು ಹಳೇ ಬಿಲ್ಲುಗಳನ್ನ ತೆಗೆದು ಇಟ್ಟುಕೊಳ್ಳಿ. ಒಂದು ತಿಂಗಳದ್ದು ಸಾಲದು, ಪೂರ್ತಿ ವರ್ಷದ್ದು ಬೇಕು. ನಮ್ಮ ಕಡೆ ಬಿಸಿಲುಗಾಲದ ಬಳಕೆಗೂ ಶ್ರಾವಣದ ಬಳಕೆಗೂ ಅಜಗಜಾಂತರ.

ಮೊದಲು ಗೃಹಜ್ಯೋತಿ

ಇದು ಎಲ್ಲರಿಗೂ ಗೊತ್ತು, ಆದರೆ ಇದರ ಲೆಕ್ಕ ಬಹಳ ಜನಕ್ಕೆ ಗೊತ್ತಿಲ್ಲ. "200 ಯೂನಿಟ್ ಫ್ರೀ" ಅನ್ನೋದು ಎಲ್ಲರಿಗೂ 200 ಅಲ್ಲ. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದರ ಮೇಲೆ ಶೇಕಡಾ 10 ಸೇರಿಸಿ ಒಂದು ಮಿತಿ ಕಟ್ಟಿದ್ದಾರೆ. ಆಗ ಸರಾಸರಿ 110 ಇದ್ದರೆ ನಿಮ್ಮ ಮಿತಿ 121. ಅಷ್ಟರೊಳಗೆ ಬಿಲ್ಲು ಸೊನ್ನೆ. 121 ದಾಟಿ 200ರ ಒಳಗೆ ಇದ್ದರೆ ದಾಟಿದ ಯೂನಿಟ್ಟಿಗೆ ಮಾತ್ರ ದುಡ್ಡು. 200 ದಾಟಿದಿರೋ, ಪೂರ್ತಿ ಬಿಲ್ಲು ನಿಮ್ಮದೇ. ನಮ್ಮ ಏಳು ಯೂನಿಟ್ ಮಾಡಿದ್ದು ಇದನ್ನೇ.

ಯೋಜನೆ ಶುರುವಾಗಿದ್ದು 2023ರ ಜುಲೈ ಬಳಕೆಯಿಂದ. ಬಾಡಿಗೆಯವರಿಗೂ ಉಂಟು, ಅದೇ ಇದರ ದೊಡ್ಡ ಗುಣ. ದಾವಣಗೆರೆಯ ನಿಟುವಳ್ಳಿಯಲ್ಲೋ ಕೆಟಿಜೆ ನಗರದಲ್ಲೋ ಎರಡು ರೂಮಿನ ಬಾಡಿಗೆ ಮನೆಯಲ್ಲಿದ್ದು, ಬಿಲ್ಲು ಮಿತಿಯೊಳಗೇ ಬರ್ತಿದ್ದರೆ ಈ ಬರಹದ ಮುಂದಿನ ಅರ್ಧ ನಿಮಗೆ ಬೇಕಾಗಿಲ್ಲ. ಬೇಕಿದ್ದರೆ ಸುಣ್ಣದ ಭಾಗ ಓದಿ, ಸೆಕೆಗೆ ಉಪಯೋಗ ಆಗುತ್ತೆ.

ಸರಿ, 200ರ ಗೆರೆಯ ಅಕ್ಕಪಕ್ಕ ಇರೋರ ಕಥೆ ಏನು? ನನ್ನ ಪ್ರಕಾರ ಅವರಿಗೆ ಸಿಗೋ ಅತ್ಯಂತ ಲಾಭದ "ಸರ್ಕಾರಿ ಸಹಾಯ" ಅಂದ್ರೆ ಹೇಗಾದರೂ ಮಾಡಿ ಆ ಗೆರೆಯ ಕೆಳಗೆ ಉಳಿಯೋದು. ಗೃಹಜ್ಯೋತಿಗೆ ಒಮ್ಮೆ ನೋಂದಾಯಿಸಿದ್ದರೆ ಸಾಕು, ಹೊಸ ಅರ್ಜಿ ಬೇಡ, ಫೋಟೋ ಬೇಡ, ಆಧಾರ್ ಜೆರಾಕ್ಸ್ ಬೇಡ.

ಫ್ಯಾನ್ ಲೆಕ್ಕ

ಒಂದು ಭಾನುವಾರ ಮಧ್ಯಾಹ್ನ ಮನೆಯ ಸ್ವಿಚ್ಚೆಲ್ಲ ಆರಿಸಿ, ಫ್ರಿಜ್ಜಿನ ಪ್ಲಗ್ಗೂ ಕಿತ್ತು, ಹಾಲಿನ ಹಳೇ ಫ್ಯಾನ್ ಒಂದನ್ನೇ ಪೂರ್ತಿ ಸ್ಪೀಡಿನಲ್ಲಿ ಬಿಟ್ಟು, ಮೀಟರ್ ಮುಂದೆ ಸ್ಟೂಲ್ ಹಾಕಿಕೊಂಡು ಕೂತೆ. ಮೀಟರಿನಲ್ಲಿ ಒಂದು ಕೆಂಪು ದೀಪ ಮಿಣುಕುತ್ತಲ್ಲ, ನಮ್ಮ ಮೀಟರಿನಲ್ಲಿ ಅದರ ಪಕ್ಕ 3200 ಅಂತ ಬರೆದಿದೆ. ಅಂದ್ರೆ 3200 ಸಲ ಮಿಣುಕಿದರೆ ಒಂದು ಯೂನಿಟ್. ಹತ್ತು ನಿಮಿಷಕ್ಕೆ 40 ಸಲ ಮಿಣುಕಿತು. ಗಂಟೆಗೆ 240 ಆಯ್ತು, ಲೆಕ್ಕ ಹಾಕಿದರೆ 75 ವ್ಯಾಟ್. ನಮ್ಮವ್ವ ಬಾಗಿಲಲ್ಲಿ ನಿಂತು "ಇವನಿಗೆ ಬಿಸಿಲು ನೆತ್ತಿಗೇರಿದೆ" ಅಂದು ಒಳಗೆ ಹೋದಳು.

ಆಮೇಲೆ ಬಿಎಲ್‌ಡಿಸಿ ಅನ್ನೋ ಕಡಿಮೆ ಕರೆಂಟಿನ ಫ್ಯಾನ್ ಒಂದನ್ನ ತಂದು ಅದೇ ಕೊಂಡಿಗೆ ಹಾಕಿಸಿ ಮತ್ತೆ ಎಣಿಸಿದೆ. ಹತ್ತು ನಿಮಿಷಕ್ಕೆ 16 ಮಿಣುಕು. ಸುಮಾರು 30 ವ್ಯಾಟ್. ಗಾಳಿಯಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಬೇಸಿಗೆಯಲ್ಲಿ ದಿನಕ್ಕೆ 15 ಗಂಟೆ ಓಡುವ ಒಂದು ಫ್ಯಾನಿನಿಂದ ತಿಂಗಳಿಗೆ 20 ಯೂನಿಟ್ ಉಳಿಯುತ್ತೆ. ಮೂರು ಫ್ಯಾನ್ ಬದಲಾಯಿಸಿದರೆ 60.

ಒಂದು ಫ್ಯಾನಿಗೆ ಎರಡೂವರೆಯಿಂದ ಮೂರೂವರೆ ಸಾವಿರ. ಮೂರಕ್ಕೆ ಒಂಬತ್ತು ಸಾವಿರ ಅಂತ ಇಟ್ಟುಕೊಳ್ಳಿ. ನಮ್ಮ ಮನೆ ಮಾರ್ಚಿಂದ ಮೇವರೆಗೆ ಮೂರು ತಿಂಗಳು 200 ದಾಟ್ತಿತ್ತು, ತಿಂಗಳಿಗೆ ಸುಮಾರು 1,700ರಂತೆ ವರ್ಷಕ್ಕೆ ಐದು ಸಾವಿರ. ಎರಡು ಬೇಸಿಗೆಗೆ ಫ್ಯಾನಿನ ದುಡ್ಡು ವಾಪಸ್. ಇದೇ ಐದು ಸಾವಿರ ಉಳಿಸೋಕೆ ಸಬ್ಸಿಡಿ ಕಳೆದು ಒಂದು ಲಕ್ಷಕ್ಕೂ ಮೇಲೆ ಕೊಟ್ಟು ಸೋಲಾರ್ ಹಾಕಿಸಿದ್ದರೆ ದುಡ್ಡು ವಾಪಸ್ ಬರೋಕೆ ಇಪ್ಪತ್ತು ವರ್ಷ ಬೇಕಿತ್ತು. ನನ್ನ ಲೆಕ್ಕ ಇಲ್ಲಿಗೇ ಮುಗೀತು. ನಿಮ್ಮದು ಮುಗಿಯದೇ ಇರಬಹುದು.

ಫ್ಯಾನ್ ಕೊಳ್ಳುವಾಗ ಸ್ಟಾರ್ ಲೇಬಲ್ ನೋಡಿ. 2023ರ ಜನವರಿ 1ರಿಂದ ಸೀಲಿಂಗ್ ಫ್ಯಾನಿಗೆ ಅದು ಕಡ್ಡಾಯ. ಬಲ್ಬಿನ ವಿಷಯ ಹೆಚ್ಚು ಹೇಳೋದಿಲ್ಲ, ಕೇಂದ್ರದ ಉಜಾಲಾ ಯೋಜನೆ 2015ರಲ್ಲಿ ಶುರುವಾಗಿ, ನಮ್ಮ ರಾಜ್ಯದಲ್ಲಿ 'ಹೊಸ ಬೆಳಕು' ಅನ್ನೋ ಹೆಸರಲ್ಲಿ ಬಂದು ಬಹುತೇಕ ಮನೆಗಳ ಹಳೇ ಬಲ್ಬು ಆಗಲೇ ಹೋಗಿದೆ. ಬಚ್ಚಲಲ್ಲೋ ದನದ ಕೊಟ್ಟಿಗೆಯಲ್ಲೋ ಹಳೇ ಚೋಕಿನ ಟ್ಯೂಬ್‌ಲೈಟ್ ಉಳಿದಿದ್ದರೆ ಅದನ್ನೂ ಕಿತ್ತುಹಾಕಿ.

ನೀರು ಕಾಯಿಸೋದು

ಫ್ಯಾನಿಗಿಂತ ದೊಡ್ಡ ಕಳ್ಳ ಗೀಸರ್. 2,000 ವ್ಯಾಟಿನ ಗೀಸರ್ ದಿನಕ್ಕೆ ಒಂದು ಗಂಟೆ ಓಡಿದರೆ ತಿಂಗಳಿಗೆ 60 ಯೂನಿಟ್. ನಾಲ್ಕು ಜನರ ಮನೆಯಲ್ಲಿ ಒಂದು ಗಂಟೆ ದೊಡ್ಡದೇನಲ್ಲ. ಸೋಲಾರ್ ವಾಟರ್ ಹೀಟರಿಗೆ ಹಿಂದೆ ಕೇಂದ್ರದ ಸಬ್ಸಿಡಿ ಇತ್ತು, ಈಗಿಲ್ಲ. ಯಾರಾದರೂ "ಹೀಟರಿಗೂ ಸೂರ್ಯಘರ್ ದುಡ್ಡು ಬರುತ್ತೆ" ಅಂದರೆ ನಂಬಬೇಡಿ. ಸೂರ್ಯಘರ್ ಅನ್ನೋ ಕೇಂದ್ರದ ಸಬ್ಸಿಡಿ ತಾರಸಿ ಮೇಲೆ ಕರೆಂಟು ತಯಾರಿಸುವ ಪ್ಯಾನಲ್ಲಿಗೆ ಮಾತ್ರ.

ಹಾಗಂತ ಹೀಟರ್ ಬೇಡ ಅಂತಲ್ಲ. ಸ್ವಂತ ಮನೆ, ಸ್ವಂತ ತಾರಸಿ ಇದ್ದರೆ ಸಬ್ಸಿಡಿ ಇಲ್ಲದೆಯೂ ಒಳ್ಳೇದೇ. ಒಂದು ಮಾತು ನೆನಪಿಡಿ. ಬೋರ್ ನೀರಿರುವ ಮನೆಯಾದರೆ ತಾಮ್ರದ ಪೈಪಿನದ್ದಕ್ಕಿಂತ ಗಾಜಿನ ಕೊಳವೆಯದ್ದು ಉತ್ತಮ. ಗಡಸು ನೀರಿಗೆ ತಾಮ್ರದ ಪೈಪ್ ಒಳಗೇ ಬಿಳಿ ಕಟ್ಟಿಕೊಳ್ಳುತ್ತೆ. ಚನ್ನಗಿರಿ ಕಡೆ ತೋಟದ ಮನೆಗಳಲ್ಲಿ ಇವತ್ತಿಗೂ ಅಡಿಕೆ ಹಾಳೆ, ತೆಂಗಿನ ಗರಿ ಉರಿಸಿ ಹಂಡೆಯಲ್ಲಿ ನೀರು ಕಾಯಿಸ್ತಾರೆ. ಅವರಿಗೆ ಈ ಪ್ಯಾರಾನೇ ಬೇಡ.

ಸೂರ್ಯಘರ್ ಯಾರಿಗೆ?

ಪಿಎಂ ಸೂರ್ಯಘರ್ 2024ರ ಫೆಬ್ರವರಿಯಲ್ಲಿ ಬಂದಿದ್ದು. ದೇಶದಲ್ಲಿ ಒಂದು ಕೋಟಿ ಮನೆ ಅನ್ನೋದು ಗುರಿ, ಅದಕ್ಕೆ ತೆಗೆದಿಟ್ಟ ಹಣ 75,021 ಕೋಟಿ, ಅವಧಿ 2026-27ರ ತನಕ. ಸಬ್ಸಿಡಿ ಹೀಗೆ: ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000, ಮೂರನೇದಕ್ಕೆ 18,000. ಒಟ್ಟು 78,000. ಐದು ಹಾಕಿಸಿದರೂ ಅಷ್ಟೇ, ಹತ್ತು ಹಾಕಿಸಿದರೂ ಅಷ್ಟೇ.

ಯೋಜನೆಯ ಹೆಸರಲ್ಲಿ 'ಮುಫ್ತ್ ಬಿಜಲಿ' ಅಂತ ಇರೋದರಿಂದ ಬಹಳ ಜನ ಪ್ಯಾನಲ್ಲೇ ಫ್ರೀ ಅಂದುಕೊಂಡಿದ್ದಾರೆ. ಅಲ್ಲ. ಸರ್ಕಾರ ಲೆಕ್ಕ ಹಾಕಿದ್ದು ಮೊದಲ ಎರಡು ಕಿಲೋವ್ಯಾಟಿಗೆ ತಲಾ 50,000, ಮೂರನೇದಕ್ಕೆ 45,000, ಅಂದ್ರೆ ಮೂರು ಕಿಲೋವ್ಯಾಟಿಗೆ 1.45 ಲಕ್ಷ. ವೆಂಡರ್ ಹೇಳೋ ರೇಟು ಸಾಮಾನ್ಯವಾಗಿ ಅದಕ್ಕಿಂತ ಮೇಲೇ ಇರುತ್ತೆ. ಎರಡು ಲಕ್ಷ ಅಂತ ಇಟ್ಟುಕೊಂಡರೆ ಸಬ್ಸಿಡಿ ಕಳೆದು ಕೈಯಿಂದ ಹೋಗೋದು 1.22 ಲಕ್ಷ. ಸಬ್ಸಿಡಿ ಬರೋದು ಎಲ್ಲ ಮುಗಿದ ಮೇಲೆ, ನಿಮ್ಮ ಬ್ಯಾಂಕ್ ಖಾತೆಗೆ. ಮೊದಲು ಪೂರ್ತಿ ದುಡ್ಡು ನೀವೇ ಹೊಂದಿಸಬೇಕು, ಇಲ್ಲವೇ ಸಾಲ ತೆಗೆಯಬೇಕು. ಮೂರು ಕಿಲೋವ್ಯಾಟಿನ ತನಕ ಎರಡು ಲಕ್ಷದವರೆಗೆ ಅಡಮಾನ ಇಲ್ಲದೆ ಕಡಿಮೆ ಬಡ್ಡಿಗೆ ಬ್ಯಾಂಕ್ ಸಾಲ ಸಿಗುತ್ತೆ.

ಈಗ ಲಾಭದ ಲೆಕ್ಕ. ಒಂದು ಕಿಲೋವ್ಯಾಟ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತೆ. ಮೋಡದ ದಿನಗಳನ್ನ ಬಿಟ್ಟರೆ ನಮ್ಮ ಬಯಲುಸೀಮೆಯ ಬಿಸಿಲಿಗೆ ಕೊರತೆ ಇಲ್ಲ, ಚಳ್ಳಕೆರೆ ಗಡಿ ದಾಟಿದರೆ ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕೇ ಇದೆಯಲ್ಲ. ಮೂರು ಕಿಲೋವ್ಯಾಟಿಗೆ ತಿಂಗಳಿಗೆ 300 ಯೂನಿಟ್ ಅಂತ ಧಾರಾಳವಾಗಿ ಹಿಡಿಯಬಹುದು. ಯೂನಿಟ್ಟಿಗೆ 6 ರೂಪಾಯಿ ಅಂತ ಇಟ್ಟುಕೊಂಡರೆ ತಿಂಗಳಿಗೆ 1,800, ವರ್ಷಕ್ಕೆ 21,600. ಹಾಕಿದ 1.22 ಲಕ್ಷ ಆರು ವರ್ಷದೊಳಗೆ ವಾಪಸ್.

ಆದರೆ ಆ 300 ಯೂನಿಟ್ಟನ್ನ ನೀವು ನಿಜಕ್ಕೂ ಬಳಸುವವರಾಗಿರಬೇಕು, ಅದಕ್ಕೆ ಈಗ ದುಡ್ಡು ಕಟ್ಟುತ್ತಿರಬೇಕು. ಎಂಸಿಸಿ ಬಿ ಬ್ಲಾಕಿನಲ್ಲೋ ವಿದ್ಯಾನಗರದಲ್ಲೋ ಎರಡು ಅಂತಸ್ತಿನ ಮನೆ, ಅಣ್ಣ ತಮ್ಮಂದಿರು ಒಟ್ಟಿಗೆ, ಒಂದೆರಡು ಏಸಿ, ತಿಂಗಳಿಗೆ 350ರಿಂದ 400 ಯೂನಿಟ್ ಅನ್ನೋರಿಗೆ ಕಣ್ಣುಮುಚ್ಚಿ ಹಾಕಿಸಿ ಅಂತೀನಿ. ಅವರಿಗೆ ಗೃಹಜ್ಯೋತಿ ಹೇಗೂ ಸಿಗೋದಿಲ್ಲ. ಸೊನ್ನೆ ಬಿಲ್ಲಿನವರು ಸೋಲಾರ್ ಹಾಕಿಸಿದರೆ ಯಾವ ಬಿಲ್ಲು ಉಳೀತು? ಮಿಕ್ಕ ಕರೆಂಟು ಮಾರಬಹುದಲ್ಲ ಅನ್ನಬೇಡಿ. ಮಾರಿದ್ದಕ್ಕೆ ಸಿಗೋ ದರ ನಾವು ಕೊಳ್ಳುವ ದರಕ್ಕಿಂತ ತುಂಬಾ ಕಮ್ಮಿ.

ಇನ್ನೊಂದು ವಿಷಯ ವೆಂಡರುಗಳು ತಾವಾಗೇ ಹೇಳೋದಿಲ್ಲ. ಬ್ಯಾಟರಿ ಇಲ್ಲದ ಸಾಮಾನ್ಯ ಸೋಲಾರ್ ಕರೆಂಟು ಹೋದಾಗ ತಾನೂ ನಿಲ್ಲುತ್ತೆ. ಹೊರಗೆ ಸುಡುಬಿಸಿಲು, ತಾರಸಿ ತುಂಬ ಪ್ಯಾನಲ್ಲು, ಒಳಗೆ ಫ್ಯಾನ್ ತಿರುಗೋದಿಲ್ಲ. ಲೈನ್ ರಿಪೇರಿ ಮಾಡ್ತಿರೋ ಲೈನ್‌ಮನ್‌ಗೆ ನಮ್ಮ ಮನೆಯಿಂದ ಕರೆಂಟು ಹೊಡೆಯಬಾರದು ಅಂತ ಹಾಗೆ ಮಾಡಿದ್ದಾರೆ, ಅದು ಸರಿಯೇ. ಆದರೆ ನಮ್ಮ ಬೀದಿಯ ಒಬ್ಬರು "ಇನ್ನು ಯುಪಿಎಸ್ ಬೇಡ" ಅಂತ ಹಳೇ ಯುಪಿಎಸ್ ಮಾರಿಬಿಟ್ಟಿದ್ದರು. ಮೊದಲನೇ ಗಾಳಿಮಳೆಗೆ ಗೊತ್ತಾಯ್ತು.

ಹಾಕಿಸೋರು ಕೇಳಬೇಕಾದ್ದು: ವೆಂಡರ್ ಸೂರ್ಯಘರ್ ಪೋರ್ಟಲ್ಲಿನ ಪಟ್ಟಿಯಲ್ಲಿ ಇದ್ದಾರಾ, ಪ್ಯಾನಲ್ಲಿನ ಸೆಲ್ ಸಮೇತ ಭಾರತದ್ದೇನಾ. ವೆಂಡರುಗಳ ಭಾಷೆಯಲ್ಲಿ ಅದಕ್ಕೆ ಡಿಸಿಆರ್ ಅಂತಾರೆ. ಅದಲ್ಲದಿದ್ದರೆ ಸಬ್ಸಿಡಿ ಇಲ್ಲ. ನನಗೆ ಪರಿಚಯದ ಒಬ್ಬರ ಹತ್ತಿರ ವೆಂಡರ್ ಒಬ್ಬ ಕಡಿಮೆ ರೇಟ್ ಹೇಳಿ ಅಡ್ವಾನ್ಸ್ ತಗೊಂಡ. ಆಮೇಲೆ ನೋಡಿದರೆ ಹೊರದೇಶದ ಪ್ಯಾನಲ್ಲು. ಅಡ್ವಾನ್ಸ್ ವಾಪಸ್ ತರೋಕೆ ನಾಲ್ಕು ತಿಂಗಳು ಓಡಾಡಿದರು. ಜಾಗದ ಲೆಕ್ಕವೂ ಇರಲಿ, ಒಂದು ಕಿಲೋವ್ಯಾಟಿಗೆ ನೆರಳಿಲ್ಲದ ನೂರು ಚದರಡಿ ಬೇಕು. ಮಂಡಕ್ಕಿ ಭಟ್ಟಿಯ ಹೊಗೆ, ರೈಸ್ ಮಿಲ್ಲಿನ ಹೊಟ್ಟು ಬೀಳುವ ಕಡೆ ಇದ್ದರೆ ಪ್ಯಾನಲ್ ತೊಳೆಯೋ ಕೆಲಸವೂ ಜಾಸ್ತಿ. ದುರ್ಗದ ಕೋಟೆ ಪಕ್ಕದವರು ಕೋತಿಗಳ ಲೆಕ್ಕವನ್ನೂ ಹಾಕಿಕೊಳ್ಳಿ.

ಸೆಕೆಗೆ ಸರ್ಕಾರ ಏನು ಕೊಡುತ್ತೆ?

ಅಮೆರಿಕದಲ್ಲಿ 1976ರಿಂದ ಒಂದು ಯೋಜನೆ ಇದೆ. ಬಡವರ ಮನೆಗೆ ಸರ್ಕಾರದ ದುಡ್ಡಲ್ಲೇ ಜನ ಬಂದು ಕಿಟಕಿ ಬಾಗಿಲ ಸಂದು ಮುಚ್ಚಿ, ಚಾವಣಿಗೆ ಶಾಖ ತಡೆಯೋ ಪದರ ಹಾಕಿ ಹೋಗ್ತಾರೆ. ಅಲ್ಲಿ ಮುಖ್ಯ ಶತ್ರು ಚಳಿ. ನಮ್ಮಲ್ಲಿ ಶತ್ರು ತಾರಸಿ. ಏಪ್ರಿಲ್ ರಾತ್ರಿ ಒಂಬತ್ತಕ್ಕೆ ಸ್ಟೂಲ್ ಹತ್ತಿ ಆರ್‌ಸಿಸಿ ಚಾವಣಿಗೆ ಅಂಗೈ ಒತ್ತಿ ನೋಡಿ, ದೋಸೆ ಹೆಂಚು ಈಗಷ್ಟೇ ಇಳಿಸಿದ ಹಾಗೆ ಇರುತ್ತೆ. ಶೀಟ್ ಮನೆಯವರ ಪಾಡಂತೂ ಕೇಳೋದೇ ಬೇಡ. ಫ್ಯಾನ್ ಆ ಬಿಸಿಯನ್ನೇ ತಿರುಗಿಸಿ ತಿರುಗಿಸಿ ಕೆಳಗೆ ತಳ್ಳುತ್ತೆ.

ಈಗಿರುವ ಮನೆಯ ತಾರಸಿ ತಂಪು ಮಾಡೋಕೆ ಅಂತ ನಮ್ಮ ಜಿಲ್ಲೆಗಳಲ್ಲಿ ಕೈಗೆ ದುಡ್ಡು ಕೊಡೋ ಯೋಜನೆ ಯಾವುದೂ ನನಗೆ ಸಿಗಲಿಲ್ಲ. ತೆಲಂಗಾಣ 2023ರಲ್ಲೇ ತಂಪು ತಾರಸಿಗೆ ಪ್ರತ್ಯೇಕ ನೀತಿ ಮಾಡಿದೆ. ನಮ್ಮ ಹಿರಿಯರ ಮಾಳಿಗೆ ಮನೆಗಳು, ಜಂತಿಯ ಮೇಲೆ ಕರ್ಲು ಮಣ್ಣು ಹಾಕಿ ಬಡಿದಿದ್ದು, ಚಳ್ಳಕೆರೆ, ಮೊಳಕಾಲ್ಮುರು ಕಡೆ ಇನ್ನೂ ಅಲ್ಲಲ್ಲಿ ನಿಂತಿವೆ. ಮಟಮಟ ಮಧ್ಯಾಹ್ನ ಅವುಗಳ ಒಳಗೆ ಹೋಗಿ ಕೂತವರಿಗೆ ನಾನು ಬೇರೆ ವಿವರಿಸಬೇಕಿಲ್ಲ.

ಹಾಗಾಗಿ ಭಾವ ಹೇಳಿದ ಸುಣ್ಣ. ಬಿಳಿ ತಾರಸಿ ಬಿಸಿಲನ್ನ ವಾಪಸ್ ಕಳಿಸುತ್ತೆ, ಕೆಳಗಿನ ರೂಮು ಎರಡರಿಂದ ಐದು ಡಿಗ್ರಿ ತಂಪಾಗುತ್ತೆ. ಮೊದಲನೇ ಸಲ ನಾನು ಎಡವಟ್ಟು ಮಾಡಿದೆ. ಬರೀ ಸುಣ್ಣ ನೀರು ಕಲಸಿ ಏಪ್ರಿಲ್ ಕೊನೆಗೆ ಬಳಿಸಿದೆ, ಮೂರನೇ ದಿನ ಅಡ್ಡಮಳೆ ಬಂದು ಹಾಲಿನ ಹೊಳೆಯ ಹಾಗೆ ಪೈಪಿನಿಂದ ಇಳಿದು ಪಕ್ಕದ ಮನೆಯವರ ತುಳಸಿಕಟ್ಟೆ ತನಕ ಹೋಯ್ತು. ಈ ಸಲ ಫೆಬ್ರವರಿ ಕೊನೆಗೇ, ಸುಣ್ಣಕ್ಕೆ ಫೆವಿಕಾಲ್ ಬೆರೆಸಿ, ತಾರಸಿ ಚೆನ್ನಾಗಿ ಗುಡಿಸಿ ತೊಳೆದು ಒಣಗಿಸಿ, ಎರಡು ಕೈ ಬಳಿಸಿದೆ. ಕೂಲಿ ಸೇರಿ ಎರಡು ಸಾವಿರದೊಳಗೆ ಮುಗೀತು. ಬಾಡಿಗೆಯವರು ಮಾಲೀಕರನ್ನ ಕೇಳಿ ಮಾಡಬಹುದಾದ ಕೆಲಸ ಇದು, ಸಾಮಾನ್ಯವಾಗಿ ಬೇಡ ಅನ್ನಲ್ಲ. ಕೂಲ್ ರೂಫ್ ಪೇಂಟ್ ಅಂತ ಅಂಗಡಿಯಲ್ಲಿ ಸಿಗೋದು ಇದಕ್ಕಿಂತ ಹೆಚ್ಚು ವರ್ಷ ಬಾಳುತ್ತೆ, ದುಡ್ಡೂ ಹಾಗೇ.

ಹೊಸ ಮನೆ ಕಟ್ಟುವವರಿಗೆ ಮಾತ್ರ ಸರ್ಕಾರದ ಹಣದಲ್ಲೇ ಇದನ್ನ ಸೇರಿಸೋ ದಾರಿ ಇದೆ. ಪ್ರಧಾನಮಂತ್ರಿ ಆವಾಸ್ ನಗರ 2.0ರಲ್ಲಿ ವರ್ಷಕ್ಕೆ ಮೂರು ಲಕ್ಷದೊಳಗೆ ಆದಾಯ ಇರೋರಿಗೆ ಸ್ವಂತ ಜಾಗದಲ್ಲಿ ಕಟ್ಟೋಕೆ ಎರಡೂವರೆ ಲಕ್ಷದ ತನಕ ಸಹಾಯ ಇದೆ, ಹಳ್ಳಿಯಲ್ಲಾದರೆ ಗ್ರಾಮೀಣ ಆವಾಸ್‌ನಲ್ಲಿ ಕೇಂದ್ರದ ಲೆಕ್ಕ 1.20 ಲಕ್ಷ. ಆ ದುಡ್ಡಲ್ಲಿ ಮೋಲ್ಡ್ ಹಾಕಿಸುವಾಗಲೇ ಮೇಲೆ ಒಡೆದ ಬಿಳಿ ಟೈಲ್ಸ್ ಕೂರಿಸಿ. ಟೈಲ್ಸ್ ಅಂಗಡಿಗಳಲ್ಲಿ ಚೂರು ಅಗ್ಗಕ್ಕೆ ಸಿಗುತ್ತೆ. ವರ್ಷ ವರ್ಷ ಸುಣ್ಣದ ಕೆಲಸ ತಪ್ಪುತ್ತೆ.

ಒಬ್ಬರೇ ಅಲ್ಲ, ಊರು ಸೇರಿ ಮಾಡೋದಾದರೆ

ಅಪಾರ್ಟ್‌ಮೆಂಟ್ ಅಥವಾ ಬಡಾವಣೆ ಸಂಘದವರಿಗೂ ಸೂರ್ಯಘರ್‌ನಲ್ಲಿ ಜಾಗ ಇದೆ. ಲಿಫ್ಟ್, ನೀರಿನ ಮೋಟಾರ್, ಕಾಮನ್ ಲೈಟು, ವಾಹನ ಚಾರ್ಜಿಂಗ್ ಇಂಥದ್ದಕ್ಕೆ ಕಿಲೋವ್ಯಾಟಿಗೆ 18,000, ಒಟ್ಟು 500 ಕಿಲೋವ್ಯಾಟ್ ತನಕ. ಸಂಘದ ಮೋಟಾರ್ ಬಿಲ್ಲಿಗೆ ಗೃಹಜ್ಯೋತಿ ಇಲ್ಲವಲ್ಲ, ಹಾಗಾಗಿ ಇಲ್ಲಿ ಸೋಲಾರಿನ ಲೆಕ್ಕ ಮನೆಗಿಂತ ಬೇಗ ಕೂಡಿಬರುತ್ತೆ. ತೊಂದರೆ ಏನಂದ್ರೆ ಮೀಟಿಂಗ್. ಹತ್ತು ಮನೆಯವರನ್ನ ಒಂದು ಮಾತಿಗೆ ಒಪ್ಪಿಸೋದು ಇನ್ವರ್ಟರ್ ಕೂರಿಸೋದಕ್ಕಿಂತ ಕಷ್ಟ.

ಹಳ್ಳಿಗಳಿಗೆ ಮಾದರಿ ಸೌರ ಗ್ರಾಮ ಅಂತ ಇದೆ. ಜಿಲ್ಲೆಗೆ ಒಂದೇ ಊರು, ಗೆದ್ದರೆ ಒಂದು ಕೋಟಿ. ಐದು ಸಾವಿರಕ್ಕಿಂತ ಜಾಸ್ತಿ ಜನ ಇರೋ ಊರುಗಳ ನಡುವೆ ಪೈಪೋಟಿ, ಯಾರ ಊರಲ್ಲಿ ಹೆಚ್ಚು ಸೋಲಾರ್ ಕೂತಿದೆಯೋ ಅವರಿಗೆ. ಪ್ರತಿ ಮನೆಗೆ ಪ್ಯಾನಲ್ ಬಿದ್ದಾಗ ಪಂಚಾಯ್ತಿಗೂ ಸಾವಿರ ರೂಪಾಯಿ ಪ್ರೋತ್ಸಾಹಧನ ಉಂಟು. ನಿಮ್ಮ ಪಿಡಿಒಗೆ ಇದು ಗೊತ್ತಿದೆಯಾ ಅಂತ ಒಮ್ಮೆ ಕೇಳಿ ನೋಡಿ.

ತೋಟದ ಪಂಪ್‌ಸೆಟ್ಟಿನದ್ದು ಬೇರೆಯದೇ ಯೋಜನೆ, ಕುಸುಮ್. ಅದರ ಬಿ ಭಾಗದಲ್ಲಿ ಕೇಂದ್ರ ಶೇಕಡಾ 30, ರಾಜ್ಯ 50, ರೈತ 20. ಲೈನಿನಿಂದ ದೂರ ಇರೋ ಬೋರಿಗೆ ಅದು ಒಳ್ಳೇದು. ಮನೆ ಬಿಲ್ಲಿಗೂ ಅದಕ್ಕೂ ಸಂಬಂಧ ಇಲ್ಲ, ಎರಡನ್ನೂ ಕಲಸಿಕೊಳ್ಳಬೇಡಿ.

ಕೊನೆಗೆ ಕಾಗದದ ವಿಷಯ. ಸೂರ್ಯಘರ್‌ಗೆ ಅರ್ಜಿ ಹಾಕುವಾಗ ಬಿಲ್ಲಿನಲ್ಲಿರೋ ಹೆಸರು, ಆಧಾರಿನ ಹೆಸರು, ಬ್ಯಾಂಕ್ ಖಾತೆಯ ಹೆಸರು ಮೂರೂ ಒಂದೇ ಇದೆಯಾ ನೋಡಿಕೊಳ್ಳಿ. ಸಬ್ಸಿಡಿ ಬಹಳ ಸಲ ಸಿಕ್ಕಿಬೀಳೋದು ಇಲ್ಲೇ. ನಮ್ಮ ಮನೆಯ ಆರ್‌ಆರ್ ನಂಬರ್ ಇನ್ನೂ ನಮ್ಮ ತಾತನ ಹೆಸರಲ್ಲಿದೆ. ಅವರು ಹೋಗಿ ಹನ್ನೊಂದು ವರ್ಷ ಆಯ್ತು. ಈ ಏಪ್ರಿಲ್‌ನಲ್ಲೂ ಬಿಲ್ಲು ಅವರ ಹೆಸರಿಗೇ ಬಂತು, 158 ಯೂನಿಟ್, ಕಟ್ಟಬೇಕಾದ್ದು ಸೊನ್ನೆ. ನಮ್ಮವ್ವ ಅದನ್ನ ತಾತನ ಫೋಟೋದ ಹಿಂದೆ ಸಿಕ್ಕಿಸಿಟ್ಟಿದ್ದಾಳೆ.